ಒಬ್ಬರೇ ಹೊರಡುವ ಮುನ್ನ: ದೃಷ್ಟಿ ಸವಾಲುಳ್ಳವರು ಪ್ರಯಾಣ ನಿರ್ಧರಿಸುವ ಬಗೆ

ಬೆಂಗಳೂರಿನ ಜಯನಗರದಿಂದ ಮೈಸೂರಿಗೆ ಹೋಗುವುದು ಅಂಥ ಕಷ್ಟವಲ್ಲ. ಮೈಸೂರಿನಲ್ಲಿ ಇಳಿದ ಮೇಲೆ ನಡೆಯಬೇಕಾದ ಇನ್ನೂರು ಮೀಟರ್ ಕಷ್ಟ. ಕಣ್ಣು ಕಾಣದವರ ಪ್ರಯಾಣ ಕೈಕೊಡುವುದು ಸಾಮಾನ್ಯವಾಗಿ ವಾಹನದೊಳಗೆ ಕೂತಿರುವಾಗ ಅಲ್ಲ. ಒಂದರಿಂದ ಇಳಿದು ಇನ್ನೊಂದನ್ನು ಹಿಡಿಯುವ ಜಾಗದಲ್ಲಿ. ಆದ್ದರಿಂದ ಹೋಗಬೇಕೋ ಬೇಡವೋ, ಒಬ್ಬರೇ ಹೋಗಬೇಕೋ ಜೊತೆ ಬೇಕೋ, ಬಸ್ಸೋ ರೈಲೋ ಎಂಬುದನ್ನೆಲ್ಲ ಕಿಲೋಮೀಟರ್ ನೋಡಿ ತೀರ್ಮಾನಿಸಬೇಡಿ. ಅಂಥ ಜಾಗಗಳು ಎಷ್ಟಿವೆ, ಹೇಗಿವೆ ಎಂದು ನೋಡಿ.

ಮೊದಲು ದಾರಿಯನ್ನು ತುಂಡು ಮಾಡಿ

ಇದೇ ಪ್ರಯಾಣವನ್ನು ತೆಗೆದುಕೊಳ್ಳೋಣ. ರೈಲಿಗೆ ಹೋಗುವುದಾದರೆ: ಮನೆಯಿಂದ ಜಯನಗರ ಮೆಟ್ರೊ ನಿಲ್ದಾಣ, ಹಸಿರು ಮಾರ್ಗದಲ್ಲಿ ಆರು ನಿಲ್ದಾಣ ದಾಟಿದರೆ ಮೆಜೆಸ್ಟಿಕ್, ಅಲ್ಲಿ ನೇರಳೆ ಮಾರ್ಗಕ್ಕೆ ಬದಲಾಯಿಸಿ ಮುಂದಿನ ನಿಲ್ದಾಣದಲ್ಲೇ, ಅಂದರೆ ಸಂಗೊಳ್ಳಿ ರಾಯಣ್ಣ ರೈಲು ನಿಲ್ದಾಣದಲ್ಲಿ ಇಳಿಯುವುದು, ಮೆಟ್ರೊದಿಂದ ಪ್ಲಾಟ್‌ಫಾರ್ಮ್, ಪ್ಲಾಟ್‌ಫಾರ್ಮಿನಲ್ಲಿ ನಿಮ್ಮ ಬೋಗಿ, ಮೈಸೂರಿನಲ್ಲಿ ಪ್ಲಾಟ್‌ಫಾರ್ಮಿನಿಂದ ಆಟೊ. ಬಸ್ಸಿಗೆ ಹೋಗುವುದಾದರೆ ಮೆಜೆಸ್ಟಿಕ್‌ನಲ್ಲಿ ಬದಲಾಯಿಸಿ, ನೇರಳೆ ಮಾರ್ಗದಲ್ಲಿ ಮತ್ತೆ ಆರು ನಿಲ್ದಾಣ ದಾಟಿ ದೀಪಾಂಜಲಿನಗರ, ಅಲ್ಲಿಂದ ಮೈಸೂರು ರಸ್ತೆ ಸ್ಯಾಟಲೈಟ್ ಬಸ್ ನಿಲ್ದಾಣ.

ಪ್ರತಿ ತುಂಡಿಗೂ ಮೂರು ಪ್ರಶ್ನೆ ಕೇಳಿಕೊಳ್ಳಿ. ನಾನು ಎಲ್ಲಿದ್ದೇನೆ ಎಂದು ನನಗೆ ಹೇಗೆ ಗೊತ್ತಾಗುತ್ತದೆ: ಪ್ರಕಟಣೆಯಿಂದಲೇ, ಕಾಲಡಿಯ ಉಬ್ಬು ಟೈಲ್ಸ್‌ನಿಂದಲೇ, ವಾಸನೆಯಿಂದಲೇ, ಫೋನಿನಿಂದಲೇ? ಗೊತ್ತಾಗದಿದ್ದರೆ ಕೇಳಲು ಆ ಹೊತ್ತಿನಲ್ಲಿ ಅಲ್ಲಿ ಯಾರಿರುತ್ತಾರೆ? ತಪ್ಪಿದರೆ ಅಪಾಯವಿಲ್ಲದೆ ನಿಂತು ಕಾಯಲು ಜಾಗ ಇದೆಯೇ? ಮೂರಕ್ಕೂ ಉತ್ತರವಿರುವ ತುಂಡನ್ನು ಒಬ್ಬರೇ ದಾಟಬಹುದು. ಎರಡಕ್ಕೆ ಉತ್ತರವಿದ್ದರೆ ಒಮ್ಮೆ ಯಾರೊಂದಿಗಾದರೂ ನಡೆದು ನೋಡಿ. ಒಂದಕ್ಕೇ ಉತ್ತರವಿದ್ದರೆ ಆ ತುಂಡಿಗೆ ಮಾತ್ರ ಆಟೊ ಹಿಡಿಯಿರಿ, ಇಲ್ಲವೇ ಯಾರನ್ನಾದರೂ ಬರಹೇಳಿ. ಇಡೀ ಪ್ರಯಾಣವನ್ನೇ ಕೈಬಿಡಬೇಕಾಗಿಲ್ಲ.

ಈ ಲೆಕ್ಕ ಹಾಕಿದಾಗ ಸುತ್ತುಬಳಸಿನ ದಾರಿಯೇ ಸಲೀಸು ಎಂದು ಎಷ್ಟೋ ಸಲ ಕಾಣುತ್ತದೆ. ಎರಡು ಕಡೆ ಬದಲಾಯಿಸಿ ಮುಕ್ಕಾಲು ಗಂಟೆಯಲ್ಲಿ ತಲುಪುವುದಕ್ಕಿಂತ ಒಂದೇ ಬಸ್ಸಿನಲ್ಲಿ ಒಂದೂಕಾಲು ಗಂಟೆ ಕೂರುವುದು ಒಳ್ಳೆಯದು. ಕಣ್ಣಿರುವ ಮನೆಯವರಿಗೆ ಇದು ಅರ್ಥವಾಗದೆ "ಅದು ಸುತ್ತು" ಅನ್ನುತ್ತಾರೆ. ಅವರಿಗೆ ತುಂಡುಗಳ ಪಟ್ಟಿಯನ್ನೇ ಹೇಳಿ.

ಇನ್ನೊಂದು ಮಾತು: ಹೋಗುವ ದಾರಿ ಬೇರೆ, ಬರುವ ದಾರಿ ಬೇರೆ. ವಾಪಸ್ ಬಸ್ ನಿಲ್ಲುವುದು ರಸ್ತೆಯ ಆಚೆ ಬದಿಯಲ್ಲಿ. ಹೋಗುವಾಗ ದಾಟಬೇಕಿಲ್ಲದ ರಸ್ತೆಯನ್ನು ಬರುವಾಗ, ಅದೂ ಕತ್ತಲಲ್ಲಿ, ದಾಟಬೇಕಾಗಬಹುದು. ಯೋಜನೆ ಹಾಕುವಾಗ ಜನ ಮರೆಯುವುದು ಇದನ್ನೇ.

ನಿಮ್ಮ ಕಣ್ಣು, ಹೊರಡುವ ಹೊತ್ತು

2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ಅಂಧತ್ವ ಮತ್ತು ಮಂದದೃಷ್ಟಿಯನ್ನು ಬೇರೆಬೇರೆಯಾಗಿ ಹೇಳುತ್ತದೆ. ಕನ್ನಡಕ ಹಾಕಿದ ಮೇಲೂ ಉತ್ತಮವಾಗಿರುವ ಕಣ್ಣಿನ ದೃಷ್ಟಿ 3/60ಕ್ಕಿಂತ ಕಡಿಮೆ ಇದ್ದರೆ (ಬೇರೆಯವರಿಗೆ 60 ಮೀಟರಿನಿಂದ ಕಾಣುವುದು 3 ಮೀಟರಿನಿಂದಲೂ ಕಾಣದಿದ್ದರೆ), ಅಥವಾ ದೃಷ್ಟಿಯ ಹರವು 10 ಡಿಗ್ರಿಗಿಂತ ಕಿರಿದಾಗಿದ್ದರೆ, ಅದು ಅಂಧತ್ವ. ಪ್ರಯಾಣದ ಮಟ್ಟಿಗೆ ಮುಖ್ಯವಾದದ್ದು ಕಣ್ಣು ಯಾವ ಹೊತ್ತಿನಲ್ಲಿ ಎಷ್ಟು ಸಹಾಯ ಮಾಡುತ್ತದೆ ಎಂಬುದು. ರೆಟಿನೈಟಿಸ್ ಪಿಗ್ಮೆಂಟೋಸ (ಅಕ್ಷಿಪಟಲ ನಿಧಾನವಾಗಿ ಸವೆಯುವ ಕಾಯಿಲೆ) ಇರುವವರು ಮಧ್ಯಾಹ್ನ ಕೋಲಿಲ್ಲದೆ ಓಡಾಡಿ, ಮಬ್ಬುಗತ್ತಲಾಗುತ್ತಲೇ ಮೆಟ್ಟಿಲು ಕಾಣದೆ ನಿಲ್ಲುತ್ತಾರೆ. ಪೊರೆ ಇರುವವರಿಗೆ ಎದುರು ಬಿಸಿಲು, ರಾತ್ರಿಯ ಹೆಡ್‌ಲೈಟು ಎರಡೂ ತೊಂದರೆ. ಗ್ಲಾಕೊಮಾದಿಂದ ಹರವು ಕಿರಿದಾದವರಿಗೆ ದೂರದ ಬೋರ್ಡು ಕಂಡರೂ ಪಕ್ಕದಿಂದ ಬರುವ ಬೈಕು ಕಾಣುವುದಿಲ್ಲ.

ಡಿಸೆಂಬರಿನಲ್ಲಿ ಬೆಂಗಳೂರಿನಲ್ಲಿ ಆರು ಗಂಟೆ ಹೊತ್ತಿಗೆ ಸೂರ್ಯ ಮುಳುಗುತ್ತಾನೆ, ಜೂನ್‌ನಲ್ಲಿ ಮುಕ್ಕಾಲು ಗಂಟೆ ತಡವಾಗಿ. ಮಂದದೃಷ್ಟಿಯವರು ವಾಪಸಾತಿಯನ್ನು ಈ ಹೊತ್ತಿಗೆ ಹೊಂದಿಸಿಕೊಳ್ಳಬೇಕು. ತಡವಾಗುವುದು ಖಚಿತವಿದ್ದರೆ ಹಗಲಲ್ಲೇ ಕೋಲನ್ನು ಚೀಲಕ್ಕೆ ಹಾಕಿಕೊಳ್ಳಬೇಕು. ಸ್ವಲ್ಪ ಕಾಣುವವರು ಕೋಲು ಹಿಡಿಯಲು ನಾಚುತ್ತಾರೆ. ಕೋಲು ನಿಮಗೆ ನೆಲವನ್ನು ತಿಳಿಸಿದಷ್ಟೇ ಚಾಲಕನಿಗೆ ನಿಮ್ಮನ್ನು ತಿಳಿಸುತ್ತದೆ.

ಏನೂ ಕಾಣದವರಿಗೆ ಕತ್ತಲು ಲೆಕ್ಕಕ್ಕಿಲ್ಲ, ಮಳೆ ಲೆಕ್ಕಕ್ಕಿದೆ. ಜೋರು ಮಳೆಯಲ್ಲಿ ವಾಹನಗಳ ದೂರ, ದಿಕ್ಕು ಕಿವಿಗೆ ಸಿಗುವುದಿಲ್ಲ. ಛತ್ರಿ ಹಿಡಿದರೆ ಒಂದು ಕೈ ಹೋಗುವುದಲ್ಲದೆ ತಲೆಯ ಮೇಲೆ ಹನಿಗಳ ಸದ್ದು. ರೇನ್‌ಕೋಟ್ ತೊಡಿ, ಅದರ ಟೋಪಿ ಕಿವಿ ಮುಚ್ಚದಿರಲಿ. ನೀರು ನಿಂತ ರಸ್ತೆಯಲ್ಲಿ ಗುಂಡಿಯ ಆಳವನ್ನು ಕೋಲು ಹೇಳಲಾರದು. ಅಂಥ ಸಂಜೆ ಅರ್ಧ ಗಂಟೆ ನಿಲ್ದಾಣದೊಳಗೇ ಕಾಯಿರಿ.

ಕೋಲು ಮತ್ತು ಫೋನು

ನೆಟ್ಟಗೆ ನಿಂತಾಗ ಕೋಲು ಎದೆಮೂಳೆಯಿಂದ ಕಂಕುಳಿನ ನಡುವೆ ಎಲ್ಲಾದರೂ ಬರಬೇಕು. ಬಿರುಸಾಗಿ ನಡೆಯುವವರಿಗೆ ಇನ್ನೊಂದಿಷ್ಟು ಉದ್ದ. ಗಿಡ್ಡವಾದರೆ ಗುಂಡಿ ಸಿಕ್ಕಿತೆಂದು ಗೊತ್ತಾಗುವಷ್ಟರಲ್ಲಿ ಕಾಲು ಅದರಲ್ಲಿರುತ್ತದೆ. ಭುಜದ ಅಗಲಕ್ಕಿಂತ ತುಸು ಹೆಚ್ಚು ಅಗಲಕ್ಕೆ ಬೀಸಿ. ಎಡಗಾಲು ಮುಂದಿಡುವಾಗ ತುದಿ ಬಲಕ್ಕೆ, ಬಲಗಾಲು ಇಡುವಾಗ ಎಡಕ್ಕೆ. ಒಡೆದ ಚಪ್ಪಡಿಗಳಿರುವ ನಮ್ಮ ಫುಟ್‌ಪಾತ್‌ಗಳಲ್ಲಿ ತುದಿಯನ್ನು ಎತ್ತಿ ತಟ್ಟುವುದಕ್ಕಿಂತ ನೆಲಕ್ಕೆ ತಾಗಿಸಿಕೊಂಡೇ ಸರಿಸುವುದು ಮೇಲು. ಹಿಡಿಯನ್ನು ಹೊಟ್ಟೆಗೆ ಒತ್ತಿ ಹಿಡಿಯಬೇಡಿ: ತುದಿ ಸಂದಿಗೆ ಸಿಕ್ಕರೆ ಹೊಟ್ಟೆಗೇ ಚುಚ್ಚುತ್ತದೆ. ನೈಲಾನ್ ತುದಿ ಸವೆದು ಲೋಹ ನೆಲಕ್ಕೆ ಉಜ್ಜತೊಡಗಿದರೆ ಸದ್ದೂ ಸ್ಪರ್ಶವೂ ಕೆಡುತ್ತವೆ. ದೂರದ ಊರಿಗೆ ಹೊರಟರೆ ಒಂದು ಬಿಡಿ ತುದಿ ಜೊತೆಗಿರಲಿ.

ಸೊಂಟದಿಂದ ಮೇಲಿರುವುದನ್ನು ಕೋಲು ತೋರಿಸುವುದಿಲ್ಲ: ತಗ್ಗಿದ ಕೊಂಬೆ, ಬಾಗಿದ ಬೋರ್ಡು, ನಿಂತ ಲಾರಿಯ ಹಿಂಬದಿಯಿಂದ ಚಾಚಿದ ಸರಳು. ದೆಹಲಿ ಐಐಟಿಯಲ್ಲಿ ರೂಪುಗೊಂಡು 2014ರಲ್ಲಿ ಬಳಕೆಗೆ ಬಂದ ಸ್ಮಾರ್ಟ್‌ಕೇನ್ ಇದಕ್ಕಾಗಿಯೇ ಇದೆ. ಕೋಲಿನ ಹಿಡಿಗೆ ಕೂಡಿಸುವ ಈ ಸಾಧನ ಶಬ್ದಾತೀತ ಅಲೆಗಳಿಂದ ಮೂರು ಮೀಟರ್‌ವರೆಗಿನ ಅಡ್ಡಿಯನ್ನು ಗುರುತಿಸಿ ಅದುರುತ್ತದೆ. ಗುಂಡಿಯನ್ನು ಹುಡುಕುವುದು ಮಾತ್ರ ಕೋಲಿನ ತುದಿಯೇ. ಕೋಲು ಹಿಡಿಯುವುದನ್ನು ಕೇಳಿ ಕಲಿಯಲಾಗದು, ಓದಿಯೂ ಕಲಿಯಲಾಗದು. ಮೊಬಿಲಿಟಿ ಟ್ರೈನಿಂಗ್ ಕೊಡುವ ಸಂಸ್ಥೆಯನ್ನೋ ಅಂಧರ ಶಾಲೆಯನ್ನೋ ಸಂಪರ್ಕಿಸಿ, ತರಬೇತುದಾರರೊಂದಿಗೆ ರಸ್ತೆಯಲ್ಲೇ ಕಲಿಯಿರಿ.

ಫೋನಿನಲ್ಲಿ ಪರದೆಯನ್ನು ಓದಿ ಹೇಳುವ ಟಾಕ್‌ಬ್ಯಾಕ್ ಅಥವಾ ವಾಯ್ಸ್‌ಓವರ್ ಇದ್ದರೂ ರಸ್ತೆಯಲ್ಲಿ ಎರಡೂ ಕಿವಿಗೆ ಇಯರ್‌ಫೋನ್ ಹಾಕಬೇಡಿ. ಒಂದೇ ಕಿವಿಗೆ ಹಾಕಿ, ಇಲ್ಲವೇ ಕಿವಿ ಮುಚ್ಚದೆ ಮೂಳೆಯ ಮೂಲಕ ಕೇಳಿಸುವ ಬಗೆಯದನ್ನು ಬಳಸಿ. ನಕ್ಷೆಯ ಜಿಪಿಎಸ್ ತೆರೆದ ಬಯಲಲ್ಲೇ ಐದು ಹತ್ತು ಮೀಟರ್ ಆಚೀಚೆ ತೋರಿಸುತ್ತದೆ. ಫ್ಲೈಓವರ್ ಕೆಳಗೆ, ಎತ್ತರದ ಕಟ್ಟಡಗಳ ನಡುವೆ ಇನ್ನೂ ಹೆಚ್ಚು. ನೆಲದಡಿಯ ಮೆಟ್ರೊದಲ್ಲಿ ಕೆಲಸಕ್ಕೇ ಬಾರದು. "ತಲುಪಿದ್ದೀರಿ" ಎಂದು ಅದು ಹೇಳಿದಾಗ ನೀವು ರಸ್ತೆಯ ಎದುರು ಬದಿಯಲ್ಲಿರಬಹುದು. ಕೊನೆಯ ಐವತ್ತು ಮೀಟರಿಗೆ ಹೋಗುವ ಜಾಗದವರಿಂದಲೇ ಮೊದಲೇ ಗುರುತು ಕೇಳಿಟ್ಟುಕೊಳ್ಳಿ. "ನೀಲಿ ಗೇಟು" ಬೇಡ. "ಗೇಟಿನ ಮುಂದೆ ಇಳಿಜಾರು, ಎಡಕ್ಕೆ ಬೇಕರಿ, ಒಳಗೆ ಜನರೇಟರ್" ಎಂದು ಹೇಳಿಸಿ. ಬೋರ್ಡೋ ಬಾಗಿಲ ಸಂಖ್ಯೆಯೋ ಓದಿಸಿಕೊಳ್ಳಬೇಕಾದಾಗ ಬಿ ಮೈ ಐಸ್ ಆ್ಯಪ್‌ನ ಸ್ವಯಂಸೇವಕರು ವಿಡಿಯೊ ಕರೆಯಲ್ಲಿ ಸಿಗುತ್ತಾರೆ. ನಡೆಯುತ್ತಾ ಅದನ್ನು ಬಳಸಬೇಡಿ, ನಿಂತು ಬಳಸಿ.

ಯಾವ ವಾಹನ?

ಮೆಟ್ರೊ ಇರುವ ಕಡೆ ಮೆಟ್ರೊ. ಪ್ರಕಟಣೆ ಕನ್ನಡದಲ್ಲೂ ಬರುತ್ತದೆ, ಬಾಗಿಲು ಯಾವ ಬದಿಗೆ ತೆರೆಯುತ್ತದೆ ಎಂದೂ ಹೇಳುತ್ತದೆ, ನೆಲದಲ್ಲಿ ಉಬ್ಬು ಟೈಲ್ಸ್ ಇದೆ. ಉದ್ದ ಗೆರೆಗಳಿದ್ದರೆ ನಡೆಯಿರಿ, ಚುಕ್ಕೆಗಳಿದ್ದರೆ ನಿಲ್ಲಿರಿ: ತಿರುವು, ಮೆಟ್ಟಿಲು ಅಥವಾ ಪ್ಲಾಟ್‌ಫಾರ್ಮಿನ ಅಂಚು ಬಂದಿದೆ. ಜಪಾನಿನ ಸೇಯಿಚಿ ಮಿಯಾಕೆ 1965ರಲ್ಲಿ ರೂಪಿಸಿದ ಈ ಏರ್ಪಾಟು ಇಂದು ಎಷ್ಟೋ ದೇಶಗಳಲ್ಲಿ ಇದೇ ಅರ್ಥದಲ್ಲಿದೆ. ಟಿಕೆಟಿಗೆ ಫೋನಿನ ಕ್ಯೂಆರ್‌ಗಿಂತ ಸ್ಮಾರ್ಟ್ ಕಾರ್ಡ್ ಅನುಕೂಲ. ಗೇಟಿನಲ್ಲಿ ಕ್ಯೂಆರ್ ಓದುವ ಗಾಜನ್ನು ಹುಡುಕಿ ಪರದೆಯನ್ನು ಸರಿಯಾಗಿ ಹಿಡಿಯುವುದು ತೊಡಕು, ಕಾರ್ಡನ್ನು ತಾಗಿಸಿದರೆ ಸಾಕು. ಮೆಜೆಸ್ಟಿಕ್‌ನಂಥ ಬದಲಾವಣೆಯ ನಿಲ್ದಾಣದಲ್ಲಿ ಪ್ರವೇಶದ ಬಳಿಯೇ ಸಿಬ್ಬಂದಿಯ ಸಹಾಯ ಕೇಳಿ. ಜನಜಂಗುಳಿಯಲ್ಲಿ ಟೈಲ್ಸ್ ಮೇಲೆಯೇ ಜನ ನಿಂತಿರುತ್ತಾರೆ.

ಇಲ್ಲಿ ಒಂದು ಜೀವನ್ಮರಣದ ವಿಷಯವಿದೆ. ಎರಡು ಬೋಗಿಗಳ ನಡುವಿನ ಸಂದು ಕೋಲಿಗೆ ತೆರೆದ ಬಾಗಿಲಿನಂತೆಯೇ ಖಾಲಿಯಾಗಿ ಸಿಗುತ್ತದೆ. ಖಾಲಿ ಜಾಗ ಸಿಕ್ಕಿತೆಂದು ಎಂದಿಗೂ ಹೆಜ್ಜೆ ಇಡಬೇಡಿ. ಕೋಲಿನ ತುದಿ ಬೋಗಿಯೊಳಗಿನ ನೆಲವನ್ನು ತಟ್ಟಬೇಕು, ಇನ್ನೊಂದು ಕೈ ಬಾಗಿಲಿನ ಅಂಚನ್ನು ಮುಟ್ಟಬೇಕು, ಆಮೇಲೆ ಕಾಲು. ಮೆಟ್ರೊಗೂ ರೈಲಿಗೂ ಇದೇ ನಿಯಮ. ಬಂಡಿ ಹೊರಡುವ ಗಡಿಬಿಡಿಯಲ್ಲೂ ಇದೇ. ತಪ್ಪಿಹೋದ ಬಂಡಿಯ ಹಿಂದೆ ಇನ್ನೊಂದು ಬರುತ್ತದೆ.

ನಗರದ ಬಸ್ಸಿನಲ್ಲಿ ತೊಡಕಿರುವುದು ಹತ್ತುವ ಮುಂಚೆ. ಬಸ್ಸು ಬಂದಾಗ "ಇದು ಮೆಜೆಸ್ಟಿಕ್‌ಗೆ ಹೋಗುತ್ತಾ?" ಎಂದು ಕೇಳಬೇಡಿ, ಅರ್ಧ ಕೇಳಿಸಿಕೊಂಡವರೂ "ಹೂಂ" ಅನ್ನುತ್ತಾರೆ. "ಇದು ಯಾವ ನಂಬರು?" ಎಂದು ಕೇಳಿ. ಉತ್ತರ ಹೇಳಲು ಅವರು ಬೋರ್ಡು ನೋಡಲೇಬೇಕು. ನಂಬರಿನ ಹಿಂದಿನ ಅಕ್ಷರವನ್ನೂ ಕೇಳಿ, 500-ಡಿ ಹೋಗುವ ಕಡೆಗೆ 500ರ ಸರಣಿಯ ಬೇರೆ ಬಸ್ಸು ಹೋಗಲಿಕ್ಕಿಲ್ಲ. ತಂಗುದಾಣದ ಒಳಗೆ ಕೂರುವ ಬದಲು ಅದರ ಮುಂತುದಿಯ ಕಂಬದ ಬಳಿ, ಕೋಲು ಕಾಣುವಂತೆ ನಿಲ್ಲಿ. ಎಲೆಕ್ಟ್ರಿಕ್ ಬಸ್ಸಿಗೆ ಎಂಜಿನ್ ಗುಡುಗಿಲ್ಲ. ಬ್ರೇಕಿನ ಗಾಳಿಯ ಸದ್ದು, ಬಾಗಿಲು ತೆರೆಯುವ ಸದ್ದಿಗೆ ಕಿವಿ ಕೊಡಬೇಕು. ಟಿಕೆಟ್ ಪಡೆಯುವಾಗ ಕಂಡಕ್ಟರಿಗೆ ಇಳಿಯುವ ನಿಲ್ದಾಣ ಹೇಳಿ, ಎರಡು ನಿಲ್ದಾಣ ಮೊದಲು ಮತ್ತೊಮ್ಮೆ ನೆನಪಿಸಿ. ತುಂಬಿದ ಬಸ್ಸಿನಲ್ಲಿ ಅವರು ಮರೆಯುವುದು ಸಹಜ, ಆದ್ದರಿಂದ ಪಕ್ಕದವರಿಗೂ ಹೇಳಿರಿ.

ಮೈಸೂರಿನ ನಗರ ಸಾರಿಗೆಯಲ್ಲಿ ಕೆಎಸ್‌ಆರ್‌ಟಿಸಿ ಅಳವಡಿಸಿದ ಧ್ವನಿಸ್ಪಂದನ ವ್ಯವಸ್ಥೆ ಈ ತೊಡಕಿಗೇ ಪರಿಹಾರ. ಪ್ರಯಾಣಿಕರ ಕೈಯಲ್ಲಿನ ಪುಟ್ಟ ಸಾಧನದ ಗುಂಡಿ ಒತ್ತಿದರೆ ಹತ್ತಿರದ ಬಸ್ಸುಗಳ ನಂಬರು ಕೇಳುತ್ತದೆ. ಬೇಕಾದದ್ದನ್ನು ಆರಿಸಿದರೆ ಬಾಗಿಲ ಬಳಿಯ ಸ್ಪೀಕರ್ ಸದ್ದು ಮಾಡುತ್ತದೆ, ಆ ಸದ್ದಿನತ್ತ ನಡೆದು ಹತ್ತಬಹುದು. ಎಲ್ಲ ಊರಿಗೂ ಬರಬೇಕಾದದ್ದು ಇದು.

ಊರಿಂದೂರಿಗೆ ಕೆಎಸ್‌ಆರ್‌ಟಿಸಿಯಲ್ಲಿ ಹೋಗುವಾಗ ಜಾಗ ತಪ್ಪುವುದು ಊಟಕ್ಕೆ ನಿಲ್ಲಿಸುವ ಹೋಟೆಲಿನಲ್ಲಿ. ಅಂಗಳದಲ್ಲಿ ಐದಾರು ಒಂದೇ ಬಗೆಯ ಬಸ್ಸು, ಎಂಜಿನ್ ಎಲ್ಲವೂ ಬಂದ್. ಇಳಿಯುವ ಮೊದಲು ಬಸ್ಸಿನ ನೋಂದಣಿ ಸಂಖ್ಯೆಯ ಕೊನೆಯ ನಾಲ್ಕು ಅಂಕಿ ಕೇಳಿ ಫೋನಿನಲ್ಲಿ ಧ್ವನಿಯಾಗಿ ದಾಖಲಿಸಿ, ಎಷ್ಟು ನಿಮಿಷ ನಿಲ್ಲುತ್ತದೆಂದು ಕೇಳಿ, ನೀವು ಇಳಿದಿದ್ದೀರಿ ಎಂದು ಕಂಡಕ್ಟರಿಗೆ ಹೇಳಿಯೇ ಇಳಿಯಿರಿ.

ರೈಲಿನಲ್ಲಿ ಹಣದ ಉಳಿತಾಯ ದೊಡ್ಡದು. ಪೂರ್ಣ ಅಂಧರಿಗೆ ಸೆಕೆಂಡ್ ಕ್ಲಾಸ್, ಸ್ಲೀಪರ್, ಥರ್ಡ್ ಎಸಿ ಮತ್ತು ಎಸಿ ಚೇರ್ ಕಾರ್‌ನಲ್ಲಿ ಶೇ 75, ಫಸ್ಟ್ ಮತ್ತು ಸೆಕೆಂಡ್ ಎಸಿಯಲ್ಲಿ ಶೇ 50, ರಾಜಧಾನಿ ಮತ್ತು ಶತಾಬ್ದಿಯ ಥರ್ಡ್ ಎಸಿ, ಚೇರ್ ಕಾರ್‌ನಲ್ಲಿ ಶೇ 25 ರಿಯಾಯಿತಿ. ಜೊತೆಗೆ ಬರುವ ಒಬ್ಬರಿಗೂ ಅಷ್ಟೇ. ರೈಲ್ವೆ ಕೊಡುವ ಫೋಟೊ ಗುರುತಿನ ಚೀಟಿ ಮಾಡಿಸಿಕೊಂಡರೆ ಐಆರ್‌ಸಿಟಿಸಿಯಲ್ಲಿ ಮನೆಯಿಂದಲೇ ಈ ದರದಲ್ಲಿ ಕಾಯ್ದಿರಿಸಬಹುದು. ಮೂಲ ಚೀಟಿ ಪ್ರಯಾಣದಲ್ಲಿ ಜೊತೆಗಿರಲಿ.

ಅಂಗವಿಕಲರ ಮೀಸಲು ಕಂಪಾರ್ಟ್‌ಮೆಂಟ್ ಇರುವುದು ರೈಲಿನ ತುದಿಯಲ್ಲಿ, ಗಾರ್ಡ್ ಇರುವ ಬೋಗಿಗೆ ಸೇರಿದಂತೆ. ಅದು ಪ್ಲಾಟ್‌ಫಾರ್ಮಿನ ಚಾವಣಿ ಮುಗಿಯುವ, ಜನ ವಿರಳವಾಗಿರುವ ಜಾಗಕ್ಕೆ ಬಂದು ನಿಲ್ಲುತ್ತದೆ. ಒಬ್ಬರೇ ಹೋಗುವವರು ದಿವ್ಯಾಂಗ ಕೋಟಾದಡಿ ಸಾಮಾನ್ಯ ಬೋಗಿಯಲ್ಲೇ ಕೆಳಗಿನ ಬರ್ತ್ ಪಡೆಯುವುದು ಮೇಲು ಎಂಬುದು ನಮ್ಮ ಅಭಿಪ್ರಾಯ. ಪ್ಲಾಟ್‌ಫಾರ್ಮ್ ಕೊನೆ ಗಳಿಗೆಯಲ್ಲಿ ಬದಲಾಗಬಹುದು. ನಲವತ್ತು ನಿಮಿಷ ಮೊದಲೇ ಹೋಗಿ ಕೂಲಿಯವರನ್ನು ಮಾತಾಡಿಸಿದರೆ ಬೋಗಿಯ ಬಾಗಿಲಿಗೇ ಬಿಡುತ್ತಾರೆ. ತೊಂದರೆಯಾದರೆ ಸಹಾಯವಾಣಿ 139. "ಮೈಸೂರು ಕೊನೆಯ ನಿಲ್ದಾಣ, ಎಲ್ಲರೂ ಇಳಿದಾಗ ಇಳಿದರಾಯಿತು" ಎಂದು ನಿದ್ದೆ ಮಾಡಬೇಡಿ. ಕೆಲವು ರೈಲುಗಳು ಚಾಮರಾಜನಗರದವರೆಗೆ ಹೋಗುತ್ತವೆ. ವೇರ್ ಈಸ್ ಮೈ ಟ್ರೈನ್ ಆ್ಯಪ್ ಇಂಟರ್‌ನೆಟ್ ಇಲ್ಲದೆಯೂ ಮೊಬೈಲ್ ಟವರ್ ಆಧರಿಸಿ ಎಲ್ಲಿದ್ದೀರಿ ಎನ್ನುತ್ತದೆ, ಅದರಲ್ಲಿ ಅಲಾರಂ ಇಡಿ. ಮೈಸೂರು ನಿಲ್ದಾಣ 2015ರಲ್ಲಿ ಬ್ರೈಲ್ ನಕ್ಷೆ, ಬ್ರೈಲ್ ಫಲಕಗಳನ್ನು ಅಳವಡಿಸಿ ದೇಶದ ಮೊದಲ ಅಂಧಸ್ನೇಹಿ ರೈಲು ನಿಲ್ದಾಣ ಎನಿಸಿಕೊಂಡಿತು.

ಆಟೊ ಕರೆಯುವಾಗ ನಮ್ಮ ಯಾತ್ರಿ ಆ್ಯಪ್‌ನ ಪ್ರೊಫೈಲಿನಲ್ಲಿ ದೃಷ್ಟಿ ಸವಾಲು ಎಂದು ಗುರುತಿಸಿಟ್ಟರೆ ಚಾಲಕರಿಗೆ ಸೂಚನೆ ಹೋಗುತ್ತದೆ. ಗಾಡಿ ಬಂದಾಗ ನೀವೇ ನಂಬರು ಹೇಳಿ "ಇದೇನಾ?" ಅನ್ನಬೇಡಿ; "ನಿಮ್ಮ ಗಾಡಿ ನಂಬರ್ ಹೇಳಿ ಅಣ್ಣ" ಎಂದು ಅವರ ಬಾಯಿಂದ ಕೇಳಿ, ತಾಳೆಯಾದ ಮೇಲೆ ಒಟಿಪಿ ಹೇಳಿ. ಇಳಿಯುವಾಗ ಗೇಟು ಇರುವ ಬದಿಗೇ ನಿಲ್ಲಿಸಲು ಹೇಳಿ. ಹತ್ತು ರೂಪಾಯಿ ಹೆಚ್ಚಾದರೂ ಯೂಟರ್ನ್ ಮಾಡಿಸಿ, ರಸ್ತೆ ದಾಟುವುದು ತಪ್ಪುತ್ತದೆ.

ಕಾಗದ, ಕಾಸು

ಯುಡಿಐಡಿ ಕಾರ್ಡು (ಸರ್ಕಾರ ಕೊಡುವ ಅಂಗವೈಕಲ್ಯದ ಗುರುತಿನ ಚೀಟಿ) ಮೂಲದಲ್ಲೂ ಫೋನಿನಲ್ಲೂ ಇರಲಿ. ರಾಜ್ಯದ ಸಾರಿಗೆ ನಿಗಮಗಳು ಅಂಧರಿಗೆ ಉಚಿತ ಪಾಸ್ ಕೊಡುತ್ತವೆ. ಅವಧಿ ಮುಗಿಯುವ ತಿಂಗಳನ್ನು ಫೋನಿನಲ್ಲಿ ನೆನಪೋಲೆಯಾಗಿ ಇಡಿ, ಹಳೆಯ ಪಾಸಿನಿಂದಾಗುವ ಜಗಳವೇ ಹೆಚ್ಚು. ಮಹಿಳೆಯರಿಗೆ 2023ರ ಜೂನ್ 11ರಿಂದ ಶಕ್ತಿ ಯೋಜನೆಯೂ ಇದೆ, ಆದರೆ ರಾಜಹಂಸ, ಐರಾವತಗಳಂಥ ಐಷಾರಾಮಿ ಬಸ್ಸಿಗೆ ಅದು ನಡೆಯದು.

ನೋಟುಗಳ ಉದ್ದ ಹತ್ತರದ್ದು 123 ಮಿಲಿಮೀಟರ್, ಇಪ್ಪತ್ತರದ್ದು 129, ಐವತ್ತರದ್ದು 135, ನೂರರದ್ದು 142, ಇನ್ನೂರರದ್ದು 146, ಐನೂರರದ್ದು 150. ಇನ್ನೂರು ಮತ್ತು ಐನೂರರ ನಡುವೆ ಇರುವುದು ನಾಲ್ಕೇ ಮಿಲಿಮೀಟರ್. ಅವಸರದಲ್ಲಿ ಬೆರಳಿಗೆ ತಿಳಿಯದು. ಹೊರಡುವ ಮುನ್ನ ರಿಸರ್ವ್ ಬ್ಯಾಂಕಿನ ಮಣಿ ಆ್ಯಪ್‌ನಿಂದ ಗುರುತಿಸಿ (ಇಂಟರ್‌ನೆಟ್ ಬೇಕಿಲ್ಲ), ಐನೂರನ್ನು ಬೇರೆ ಜೇಬಿಗೆ ಹಾಕಿ, ಉಳಿದವನ್ನು ಬೇರೆಬೇರೆ ಮಡಿಕೆಯಲ್ಲಿಡಿ.

ಸಹಾಯ ಕೇಳುವುದು, ಜೊತೆ ಹೋಗುವುದು

"ಸ್ವಲ್ಪ ಸಹಾಯ ಮಾಡ್ತೀರಾ?" ಎಂದರೆ ತೋಳು ಹಿಡಿದು ಎಳೆದೊಯ್ಯುತ್ತಾರೆ. "ನಿಮ್ಮ ಮೊಣಕೈ ಕೊಡಿ, ರಸ್ತೆಯ ಆ ಬದಿಯವರೆಗೆ ಸಾಕು" ಎಂದು ಅಳತೆ ಹೇಳಿ ಕೇಳಿ. ಮೊಣಕೈಗೆ ತುಸು ಮೇಲೆ ನೀವು ಹಿಡಿದು ಅರ್ಧ ಹೆಜ್ಜೆ ಹಿಂದೆ ನಡೆದರೆ ಅವರ ಮೈ ಏರಿಳಿಯುವುದು, ತಿರುಗುವುದು ನಿಮಗೆ ಮೊದಲೇ ತಿಳಿಯುತ್ತದೆ. ಜೊತೆ ಹೋಗುವವರಿಗೆ ಎರಡೇ ಮಾತು: ಮೆಟ್ಟಿಲು ಬಂದರೆ ಹತ್ತುವುದೋ ಇಳಿಯುವುದೋ ಹೇಳಿ, ಬಸ್ಸು ಹತ್ತಿಸುವಾಗ ಹಿಂದಿನಿಂದ ತಳ್ಳದೆ ಅವರ ಕೈಯನ್ನು ಹಿಡಿಕಂಬಿಗೆ ಮುಟ್ಟಿಸಿ ಬಿಡಿ.

ಮನೆಯವರ ಹೆದರಿಕೆ ನಿಜವಾದದ್ದು, ಅದಕ್ಕೆ ವಾದ ಮದ್ದಲ್ಲ. ಹೊಸ ದಾರಿಯನ್ನು ಮೂರು ಹಂತದಲ್ಲಿ ನಿಮ್ಮದಾಗಿಸಿಕೊಳ್ಳಿ. ಮೊದಲು ಜೊತೆಗೆ ನಡೆಯಿರಿ. ಆಮೇಲೆ ಅವರು ಹತ್ತು ಹೆಜ್ಜೆ ಹಿಂದೆ ಮಾತಾಡದೆ ಬರಲಿ. ಕೊನೆಗೆ ಒಬ್ಬರೇ, ವಾಟ್ಸ್ಆ್ಯಪ್‌ನಲ್ಲಿ ಲೈವ್ ಲೊಕೇಶನ್ ಹಂಚಿಕೊಂಡು. ಎರಡನೆಯ ಹಂತವನ್ನು ಬಿಡಬೇಡಿ, ಮನೆಯವರ ಧೈರ್ಯ ಹುಟ್ಟುವುದು ಅಲ್ಲಿ.

ದಾರಿ ತಪ್ಪಿತು ಅನ್ನಿಸಿದರೆ ನಡೆಯುತ್ತಾ ಸರಿಪಡಿಸಲು ಹೋಗಬೇಡಿ. ಬೆನ್ನಿಗೆ ಗೋಡೆ ಅಥವಾ ಅಂಗಡಿ ಸಿಗುವಂತೆ ನಿಂತು, ಕೊನೆಯದಾಗಿ ಖಚಿತವಿದ್ದ ಗುರುತು ಯಾವುದೆಂದು ನೆನೆದು, ಅಲ್ಲಿಗೆ ಕರೆದೊಯ್ಯಲು ಯಾರನ್ನಾದರೂ ಕೇಳಿ. ಅಪಾಯವೆನಿಸಿದರೆ 112.

ವಿಮಾನವಾದರೆ

ಟಿಕೆಟ್ ಮಾಡುವಾಗಲೇ, ತಪ್ಪಿದರೆ 48 ಗಂಟೆ ಮೊದಲು, ಸಹಾಯ ಬೇಕೆಂದು ವಿಮಾನಯಾನ ಸಂಸ್ಥೆಗೆ ತಿಳಿಸಿ. ಇದಕ್ಕೆ ಶುಲ್ಕವಿಲ್ಲ, ಅಂಗವೈಕಲ್ಯದ ಕಾರಣಕ್ಕೆ ಹತ್ತಿಸುವುದಿಲ್ಲ ಎನ್ನುವಂತೆಯೂ ಇಲ್ಲ. ನಡೆಯಬಲ್ಲವರನ್ನೂ ಗಾಲಿಕುರ್ಚಿಯಲ್ಲಿ ಕೂರಿಸಲು ನೋಡುತ್ತಾರೆ. ಬೇಡವಾದರೆ "ಗಾಲಿಕುರ್ಚಿ ಬೇಡ, ಜೊತೆಗೆ ನಡೆದು ಬರುವ ಸಿಬ್ಬಂದಿ ಬೇಕು" ಎಂದು ಬುಕಿಂಗ್‌ನಲ್ಲೇ ಬರೆಸಿ. ಯಾವ ಟರ್ಮಿನಲ್ ಎಂದು ಹಿಂದಿನ ದಿನ ಮತ್ತೆ ನೋಡಿಕೊಳ್ಳಿ. ಬೆಂಗಳೂರಿನ ವಿಮಾನ ನಿಲ್ದಾಣ ಬೋರ್ಡಿಂಗ್ ಪ್ರಕಟಣೆಗಳನ್ನು ಕೈಬಿಟ್ಟು ನಿಶ್ಶಬ್ದ ನಿಲ್ದಾಣವಾಗಿದೆ. ಪರದೆ ಓದಲಾಗದವರಿಗೆ ಬೋರ್ಡಿಂಗ್ ಶುರುವಾದದ್ದು ತಿಳಿಯುವುದೇ ಇಲ್ಲ. ಸಿಬ್ಬಂದಿ ನಿಮ್ಮನ್ನು ಕೂರಿಸಿ ಹೋಗುವಾಗ ಎಷ್ಟು ಗಂಟೆಗೆ ಮರಳುತ್ತಾರೆಂದು ಕೇಳಿ, ಅವರ ಹೆಸರು ಮತ್ತು ಸಂಪರ್ಕಿಸಬೇಕಾದ ನಂಬರು ಪಡೆಯಿರಿ. ಆ ಹೊತ್ತಿಗೆ ಬಾರದಿದ್ದರೆ ಐದು ನಿಮಿಷವೂ ಕಾಯದೆ ಗೇಟಿನ ಕೌಂಟರಿಗೆ ಹೋಗಿ ಕೇಳಿ.